ಬೇರ್ಪಡುವ ಹಕ್ಕೂ ಈಸೂರಿನ ಪಾಠವೂ

ತಮ್ಮ ಪ್ರಾಂತಕ್ಕೆ ಉಪೇಕ್ಷೆಯಾಯಿತೆಂದು ಜನರು ಅಸಮಾಧಾನಗೊಂಡಾಗಲೆಲ್ಲ ‘ಪ್ರತ್ಯೇಕತೆ’ ಎಂಬ ಮಾತು ಕೇಳಿಬರುವುದುಂಟು. ಉತ್ತರ ಕರ್ನಾಟಕದಲ್ಲಿಯೂ ಕೊಡಗಿನಲ್ಲಿಯೂ ಈ ಮಾತು ಹೊಸದಲ್ಲ. ಅದನ್ನು ಕೇಳಿದೊಡನೆ ದೇಶವೇ ಒಡೆಯಿತೆಂದು ಬೆದರುವವರೂ, ಕೂಗಿದ ಮಾತ್ರಕ್ಕೆ ಹಕ್ಕು ದೊರೆಯಿತೆಂದು ನಂಬುವವರೂ ಸಮಾನವಾಗಿ ತಪ್ಪುತ್ತಾರೆ. ರಾಜ್ಯದಿಂದ ಬೇರೆಯಾಗುವುದು ಒಂದು. ರಾಷ್ಟ್ರದಿಂದ ಬೇರೆಯಾಗುವುದು ಮತ್ತೊಂದು. ಈ ಭೇದವನ್ನು ವಿದ್ಯಾವಂತರೂ ಅಧಿಕಾರಿಗಳೂ ಸ್ಪಷ್ಟವಾಗಿ ತಿಳಿದಿರುವುದು ಅವಶ್ಯ.

ನವುಲೆಯನ್ನು ದಾಟಿ ಸವಳಂಗದ ಮಾರ್ಗವಾಗಿ ಶಿಕಾರಿಪುರದ ಕಡೆಗೆ ಹೋಗುವವರಿಗೆ ಈಸೂರಿನ ಹೆಸರು ಅಪರಿಚಿತವಲ್ಲ. 1942ರ ಸೆಪ್ಟೆಂಬರಿನಲ್ಲಿ ಆ ಗ್ರಾಮದವರು ಕಂದಾಯ ಕೊಡಲೊಲ್ಲದೆ, ವೀರಭದ್ರನ ಗುಡಿಯ ಮೇಲೆ ರಾಷ್ಟ್ರಧ್ವಜವನ್ನೇರಿಸಿ, ತಮ್ಮೂರು ಸ್ವತಂತ್ರವೆಂದು ಸಾರಿದರು. ಬಂದ ಅಧಿಕಾರಿಗಳೊಡನೆ ಘರ್ಷಣೆಯಾಗಿ ಅಮಲ್ದಾರರೂ ಪೊಲೀಸ್ ಸಬ್ ಇನ್ಸ್‌ಪೆಕ್ಟರರೂ ಹತರಾದರು. 1943ರ ಮಾರ್ಚಿಯಲ್ಲಿ ಐವರು ಗ್ರಾಮಸ್ಥರು ಗಲ್ಲಿಗೇರಿದರು. ಉಭಯ ಪಕ್ಷದ ಪ್ರಾಣಹಾನಿಯನ್ನೂ ನಾವು ದುಃಖದಿಂದಲೇ ನೆನೆಯುತ್ತೇವೆ. ಆದರೆ ಈಸೂರು ಬೇಡಿದುದು ಬೇರೆ ದೇಶವನ್ನಲ್ಲ. ತಾನೇರಿಸಿದ ಧ್ವಜ ಸಮಸ್ತ ಭಾರತದ್ದು. ತನ್ನ ಮಾತಿಗೆ ಕಿವಿಗೊಡದ ಆಡಳಿತದಿಂದ ಅದು ಬಿಡುಗಡೆ ಬಯಸಿತೇ ಹೊರತು ನಾಡಿನಿಂದಲ್ಲ.

ಅಂತರರಾಷ್ಟ್ರೀಯ ನ್ಯಾಯವೂ ಇದೇ ಭೇದವನ್ನು ಹಿಡಿದು ನಡೆಯುತ್ತದೆ. 1970ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಅಂಗೀಕರಿಸಿದ ಘೋಷಣೆಯು ಜನಾಂಗಗಳ ಸ್ವಯಂನಿರ್ಣಯವನ್ನು ಮನ್ನಿಸಿತು. ಆದರೆ ಜನಾಂಗ, ಮತ, ವರ್ಣಗಳ ಭೇದವಿಲ್ಲದೆ ಸಮಸ್ತ ಪ್ರಜೆಗಳನ್ನೂ ಪ್ರತಿನಿಧಿಸುವ ಸರ್ಕಾರವುಳ್ಳ ರಾಷ್ಟ್ರವನ್ನು ಒಡೆಯಲು ಅದು ಅನುಮತಿಯಲ್ಲವೆಂದೂ ಸೂಚಿಸಿತು. ಕ್ವಿಬೆಕ್ ಪ್ರಾಂತದ ವಿಷಯದಲ್ಲಿ ಕೆನಡದ ಸುಪ್ರೀಂ ಕೋರ್ಟು 1998ರಲ್ಲಿ, ಏಕಪಕ್ಷೀಯವಾಗಿ ಹೊರಡುವ ಹಕ್ಕಿಲ್ಲ, ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದಲ್ಲಿ ಸಂಧಾನ ನಡೆಸುವುದು ಇತರರ ಕರ್ತವ್ಯವೆಂದು ಹೇಳಿತು. ಕೊಸೊವೊದವರು 2008ರಲ್ಲಿ ಮಾಡಿದ ಘೋಷಣೆಯು ಅಂತರರಾಷ್ಟ್ರೀಯ ನ್ಯಾಯವನ್ನು ಉಲ್ಲಂಘಿಸಲಿಲ್ಲವೆಂದು ಹೇಗ್‌ನ ನ್ಯಾಯಾಲಯ 2010ರಲ್ಲಿ ಅಭಿಪ್ರಾಯಪಟ್ಟಿತು. ಬೇರ್ಪಡುವ ಹಕ್ಕುಂಟೆಂದು ಮಾತ್ರ ಹೇಳಲಿಲ್ಲ. ಸಾರುವುದು ಸುಲಭ, ಇತರ ರಾಷ್ಟ್ರಗಳು ಅಂಗೀಕರಿಸುವುದು ದುರ್ಲಭ. 1967ರಲ್ಲಿ ಸಾರಿದ ಬಯಾಫ್ರ 1970ಕ್ಕೆ ಇಲ್ಲವಾಯಿತು. 1971ರಲ್ಲಿ ಸ್ವತಂತ್ರವಾದ ಬಾಂಗ್ಲಾದೇಶವೂ ವಿಶ್ವಸಂಸ್ಥೆಯನ್ನು ಸೇರಿದುದು 1974ರಲ್ಲಿ.

ನಮ್ಮ ರಾಜ್ಯಾಂಗದ ನಿಲುವು ಇನ್ನೂ ಸ್ಪಷ್ಟವಾದುದು. ಈ ಒಕ್ಕೂಟ ಪ್ರಾಂತಗಳ ಒಪ್ಪಂದದ ಫಲವಲ್ಲವಾದುದರಿಂದ ಯಾವುದಕ್ಕೂ ಬಿಟ್ಟುಹೋಗುವ ಹಕ್ಕಿಲ್ಲವೆಂದು ಡಾ. ಅಂಬೇಡ್ಕರರು 1948ರಲ್ಲಿ ರಾಜ್ಯಾಂಗ ಸಭೆಯಲ್ಲಿ ವಿವರಿಸಿದರು. ಹಾಗೆಂದು ಗಡಿಗಳು ಶಿಲಾಶಾಸನಗಳಲ್ಲ. ಮೂರನೆಯ ವಿಧಿಯ ಮೇರೆಗೆ ಪಾರ್ಲಿಮೆಂಟು ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಿ ಹೊಸ ರಾಜ್ಯವನ್ನು ರಚಿಸಬಹುದು. 1956ರಲ್ಲಿ ಕೊಡಗು ಮೈಸೂರಿನೊಡನೆ ಕೂಡಿದುದೂ, 2014ರಲ್ಲಿ ತೆಲಂಗಾಣ ಬೇರೆಯಾದುದೂ ಈ ನಿಯಮದಿಂದಲೇ, ದೇಶವೇನೂ ಒಡೆಯಲಿಲ್ಲ.

ಆದುದರಿಂದ ರಾಜ್ಯದೊಳಗಣ ಬೇಡಿಕೆಯನ್ನು ದ್ರೋಹವೆಂದು ಕರೆಯುವುದು ಸರ್ಕಾರದವರಿಗೆ ತರವಲ್ಲ. ಅದು ಯುಕ್ತವೋ ಅಯುಕ್ತವೋ ಎಂಬುದನ್ನು ವಾದದಿಂದ ನಿರ್ಣಯಿಸಲಿ. ಕನ್ನಡನಾಡು ಒಂದಾಗಿರಬೇಕೆಂಬುದೇ ನಮ್ಮ ದೃಢ ಅಭಿಪ್ರಾಯ. ಆದರೆ ಐಕ್ಯವು ಹಬ್ಬದ ದಿನದ ಭಾಷಣದಿಂದ ಉಳಿಯುವುದಿಲ್ಲ. ಹಿಂದುಳಿದ ತಾಲ್ಲೂಕಿಗೆ ನೀರು, ರಸ್ತೆ, ಶಾಲೆಗಳು ನ್ಯಾಯವಾಗಿ ಸಲ್ಲುವುದರಿಂದಲೂ, ಕೊಟ್ಟ ಅರ್ಜಿಗೆ ಸಕಾಲದಲ್ಲಿ ಉತ್ತರ ಬರುವುದರಿಂದಲೂ ಉಳಿಯುತ್ತದೆ. ಕೇಳುವ ಕಿವಿಯಿದ್ದಲ್ಲಿ ಬಿಟ್ಟುಹೋಗುವ ಮಾತಿಗೆ ಬಲವಿಲ್ಲ. ಈ ಜಿಲ್ಲೆಯ ಅಧಿಕಾರಿಗಳೂ ಮಹಾಜನಗಳೂ ಈಸೂರಿನಿಂದ ಕಲಿಯಬೇಕಾದುದು ಇಷ್ಟೇ.