ಎರಡನೇ ಸೆಮಿಸ್ಟರ್ ರಸಾಯನಶಾಸ್ತ್ರದ ಲ್ಯಾಬ್ ಕುರಿತು ಮನವಿ ಪತ್ರ

ಗೆ,
ಮಾನ್ಯ ಕುಲಸಚಿವರು,
ದಾವಣಗೆರೆ ವಿಶ್ವವಿದ್ಯಾನಿಲಯ,
ಶಿವಗಂಗೋತ್ರಿ, ತೋಳಹುಣಸೆ, ದಾವಣಗೆರೆ.

ವಿಷಯ: ಬಿ.ಎಸ್ಸಿ. ಎರಡನೇ ಸೆಮಿಸ್ಟರಿನ ರಸಾಯನಶಾಸ್ತ್ರ ಪ್ರಯೋಗಗಳನ್ನು ಪ್ರತಿ ವಿದ್ಯಾರ್ಥಿಯೂ ಸ್ವಂತ ಕೈಯಿಂದ ಮಾಡಲು ಅವಕಾಶ ಕಲ್ಪಿಸುವ ಬಗ್ಗೆ.

ಮಾನ್ಯರೇ,

ನಾವು ಲೋಕಿಕೆರೆ ಮತ್ತು ಅಕ್ಕಪಕ್ಕದ ಹಳ್ಳಿಗಳಿಂದ ದಿನವೂ ಬಸ್ ಹಿಡಿದು ದಾವಣಗೆರೆಗೆ, ಕೆಲವರು ಹರಿಹರಕ್ಕೆ, ಹೋಗಿ ಓದುತ್ತಿರುವವರು. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ವಿಜ್ಞಾನ ಓದಿದವರು ನಾವೇ ಮೊದಲು. ಯಾವ ಕಾಲೇಜೆಂದು ಇಲ್ಲಿ ಹೆಸರಿಸುವುದಿಲ್ಲ. ಯಾರನ್ನೂ ದೂರುವುದು ನಮಗೆ ಬೇಕಿಲ್ಲ, ಕಲಿಯುವುದು ಬೇಕಾಗಿದೆ.

ಲ್ಯಾಬಿನಲ್ಲಿ ಒಂದು ಬ್ಯುರೆಟ್ಟಿಗೆ ನಾಲ್ವರು ನಿಲ್ಲುತ್ತೇವೆ. ಒಬ್ಬ ನಲ್ಲಿ ತಿರುಗಿಸುತ್ತಾನೆ, ಒಬ್ಬಳು ಕೋನಿಕಲ್ ಫ್ಲಾಸ್ಕ್ ಅಲ್ಲಾಡಿಸುತ್ತಾಳೆ, ಒಬ್ಬ ರೀಡಿಂಗ್ ಬರೆದುಕೊಳ್ಳುತ್ತಾನೆ, ನಾಲ್ಕನೆಯವರು ನೋಡುತ್ತಾರೆ. ಆಕ್ಸಾಲಿಕ್ ಆಮ್ಲವನ್ನು ಸುಮಾರು 60 ಡಿಗ್ರಿಗೆ ಬಿಸಿ ಮಾಡಿಕೊಂಡೇ ಪರ್ಮಾಂಗನೇಟ್ ಬಿಡಬೇಕು. ಮತ್ತೆ ಬರ್ನರಿನ ಸರದಿ ಬರುವಷ್ಟರಲ್ಲಿ ದ್ರಾವಣ ತಣ್ಣಗಾಗಿರುತ್ತದೆ, ಬಣ್ಣ ಮಾಯವಾಗಲು ತಡವಾಗುತ್ತದೆ, ರೀಡಿಂಗ್ ಕೆಡುತ್ತದೆ. ಕೊನೆಗೆ ನಾಲ್ವರ ರೆಕಾರ್ಡ್ ಪುಸ್ತಕದಲ್ಲೂ ಒಂದೇ ಅಂಕಿ. ಕೊನೆಯ ಒಂದು ಹನಿಗೆ ತಿಳಿ ಗುಲಾಬಿ ಬಂದು ನಿಲ್ಲುವ ಆ ಕ್ಷಣ ಇನ್ನೊಬ್ಬರ ಬಾಯಿಂದ ಕೇಳಿ ತಿಳಿಯುವಂಥದ್ದಲ್ಲ. ಆದ್ದರಿಂದ ಪ್ರಾಯೋಗಿಕ ಪರೀಕ್ಷೆಗೆ ಮುನ್ನ ಪ್ರತಿಯೊಬ್ಬರೂ ಪ್ರತಿ ಟೈಟ್ರೇಷನ್ನನ್ನು ಒಮ್ಮೆಯಾದರೂ ಒಂಟಿಯಾಗಿ ಮಾಡಿರಬೇಕೆಂಬ ನಿಯಮ ತರಬೇಕು. ಅದಕ್ಕೆ ಬೇಕಾದ ಗಾಜಿನ ಸಾಮಾನು, ಡಿಸ್ಟಿಲ್ಡ್ ವಾಟರ್, ಪಿಪೆಟ್ಟಿನ ರಬ್ಬರ್ ಬಲ್ಬು ಇವೆಯೇ ಎಂದು ಕಾಲೇಜಿನ ಸಂಯೋಜನೆ (ಅಫಿಲಿಯೇಷನ್) ತಪಾಸಣೆಗೆ ಬರುವವರು ಬೀರು ತೆರೆಸಿ ಎಣಿಸಬೇಕು. ಬಾಯಿಂದ ಆಮ್ಲ ಎಳೆಯುವ ರೂಢಿ ನಿಲ್ಲಲೇಬೇಕು.

ಅತಿಥಿ ಉಪನ್ಯಾಸಕರು ಬರುವುದು ತಡವಾದರೆ ಮೊದಲು ಬಿಟ್ಟುಹೋಗುವುದು ಲ್ಯಾಬ್. ಪಾಠವನ್ನು ಹೇಗೋ ನೋಟ್ಸಿನಲ್ಲಿ ಮುಗಿಸಬಹುದು, ಲ್ಯಾಬನ್ನು ಆಗದು. 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂತು; ಪಠ್ಯವೂ ಬದಲಾಗಿ ಸೀನಿಯರುಗಳ ರೆಕಾರ್ಡ್ ಕೂಡ ನಮ್ಮ ನೆರವಿಗಿಲ್ಲ. ತಪ್ಪಿದ ಲ್ಯಾಬ್ ದಿನಗಳನ್ನು ಬೇರೆ ದಿನ ತುಂಬಿಕೊಡಬೇಕು.

ಮಧ್ಯಾಹ್ನದ ಲ್ಯಾಬ್ ಮುಗಿಯುವಾಗ ಸಂಜೆಯಾಗುತ್ತದೆ. ಬಸ್ ತಪ್ಪೀತೆಂದು ನಮ್ಮ ಹೆಣ್ಣುಮಕ್ಕಳು ಮೂರನೇ ರೀಡಿಂಗ್ ತೆಗೆಯದೆ ಹೊರಡುತ್ತಾರೆ. ದೂರದ ಹಳ್ಳಿಯವರ ಬ್ಯಾಚನ್ನು ಬೆಳಗ್ಗೆಗೆ ಹಾಕಿದರೆ ಸಾಕು, ಇದಕ್ಕೆ ಖರ್ಚೇನೂ ಇಲ್ಲ. ವೈವಾದಲ್ಲಿ ಕನ್ನಡದಲ್ಲಿ ಉತ್ತರಿಸಲೂ ಬಿಡಬೇಕು. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದವರಿಗೆ ಮೋಲಾರಿಟಿ ಎಂದರೇನೆಂದು ಗೊತ್ತಿರುತ್ತದೆ, ಇಂಗ್ಲಿಷಿನಲ್ಲಿ ಕೇಳಿದೊಡನೆ ಬಾಯಿ ಕಟ್ಟುತ್ತದೆ.

ಇನ್ನೊಂದು ಕೋರಿಕೆ ನಮ್ಮ ಮನಸ್ಸಿಗೆ ತೀರಾ ಹತ್ತಿರದ್ದು. ಇ.ಡಿ.ಟಿ.ಎ. ಬಳಸಿ ನೀರಿನ ಗಡಸುತನ ಅಳೆಯುವ ಪ್ರಯೋಗಕ್ಕೆ ಲ್ಯಾಬಿನಲ್ಲಿ ಕಲಸಿಟ್ಟ ಸ್ಯಾಂಪಲ್ ಕೊಡುತ್ತಾರೆ. ನಮ್ಮ ಊರಿನ ಬೋರ್‌ವೆಲ್ ನೀರನ್ನೇ ಬಾಟಲಿಯಲ್ಲಿ ತರಲು ಅನುಮತಿ ಕೊಡಿ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ಅವ್ವ ದಿನವೂ ನೀರು ಕಾಯಿಸುವ ಪಾತ್ರೆಯ ತಳಕ್ಕೆ ಕಟ್ಟುವ ಬಿಳಿ ಪದರ ನಮ್ಮ ಲೆಕ್ಕದಲ್ಲಿ ಎಷ್ಟು ಬರುತ್ತದೆಂದು ಕಾಣುವ ಆಸೆ ನಮಗಿದೆ. ಕೆಂಪು ದ್ರಾವಣ ನೀಲಿಯಾದಾಗ ಸಿಗುವ ಅಂಕಿಯನ್ನು ಗ್ರಾಮ ಪಂಚಾಯಿತಿಗೂ ಕೊಡುತ್ತೇವೆ.

ಹರಿಹರದಿಂದ ತುಂಗಭದ್ರೆ ದಾಟಿದರೆ ಕುಮಾರಪಟ್ಟಣಂನ ನಾರಿನ ಕಾರ್ಖಾನೆ, ಈ ಕಡೆ ಕುಕ್ಕುವಾಡದ ಸಕ್ಕರೆ ಕಾರ್ಖಾನೆ. ಅಂಥ ಕಡೆ ಲ್ಯಾಬ್ ಕೆಲಸ ಕೇಳಲು ಹೋಗುವ ನಮ್ಮ ಕೈಗೆ ಪಿಪೆಟ್ ಹಿಡಿಯುವ ಅಭ್ಯಾಸವಿರಬೇಕಲ್ಲವೇ? 2009ಕ್ಕೆ ಮೊದಲು ನಮ್ಮ ಹಿರಿಯರು ವಿಶ್ವವಿದ್ಯಾನಿಲಯದ ಕೆಲಸಕ್ಕೆ ಶಂಕರಘಟ್ಟಕ್ಕೆ ಹೋಗುತ್ತಿದ್ದರು. ಈಗ ತಾವು ತೋಳಹುಣಸೆಯಲ್ಲೇ ಇದ್ದೀರಿ. ಆದ್ದರಿಂದ ಪ್ರಾಯೋಗಿಕ ಪರೀಕ್ಷೆಯ ವೇಳಾಪಟ್ಟಿ ಪ್ರಕಟಿಸುವ ಮುನ್ನ ನಮ್ಮಲ್ಲಿ ಐವರನ್ನು ಕರೆಸಿ, ರಸಾಯನಶಾಸ್ತ್ರ ಅಧ್ಯಯನ ಮಂಡಳಿಯ ಅಧ್ಯಕ್ಷರ ಎದುರು ಮಾತಾಡಲು ಅವಕಾಶ ಕೊಡಬೇಕೆಂದು ವಿನಂತಿಸುತ್ತೇವೆ. ರೆಕಾರ್ಡ್ ಪುಸ್ತಕಗಳನ್ನೂ ತರುತ್ತೇವೆ.

ತಮ್ಮ ವಿಶ್ವಾಸಿಗಳು,
ಲೋಕಿಕೆರೆ ಮತ್ತು ಸುತ್ತಲಿನ ಗ್ರಾಮಗಳ ಬಿ.ಎಸ್ಸಿ. ವಿದ್ಯಾರ್ಥಿಗಳು
(ಸಹಿಗಳ ಹಾಳೆ ಲಗತ್ತಿಸಿದೆ)