ಹಿಟ್ಟಿಗೂ ಮುದ್ದೆಗೂ ನಡುವಣ ಗೆರೆ

ಜಿಲ್ಲೆಯ ಆದಾಯ ಇಷ್ಟು ಕೋಟಿ, ತಲಾ ಆದಾಯ ಇಷ್ಟು ಸಾವಿರ ಎಂಬ ಅಂಕಿಗಳನ್ನು ನಮ್ಮ ಸರ್ಕಾರದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯವು ಪ್ರಕಟಿಸುತ್ತ ಬಂದಿದೆ. ಇವುಗಳ ತಾಯಿಬೇರು ಒಟ್ಟು ದೇಶೀಯ ಉತ್ಪನ್ನ, ಎಂದರೆ ಜಿಡಿಪಿ ಎಂದು ಎಲ್ಲರ ಬಾಯಲ್ಲೂ ಆಡುತ್ತಿರುವ ಲೆಕ್ಕ. ಒಂದು ಪ್ರದೇಶದಲ್ಲಿ ವರ್ಷದೊಳಗೆ ಹುಟ್ಟಿದ ಸರಕು ಸೇವೆಗಳ ಬೆಲೆಯಿಂದ, ಅದಕ್ಕಾಗಿ ಬಳಸಿದ ಬೀಜ ಗೊಬ್ಬರಾದಿ ಸಾಮಗ್ರಿಗಳ ಬೆಲೆಯನ್ನು ಕಳೆದು, ಉಳಿದುದನ್ನು ಕೂಡಿಸಿದರೆ ಬರುವ ಮೊತ್ತವಿದು. ನಾನು ಕನ್ನಡ ಪಾಠ ಹೇಳುವವನು. ಅರ್ಥಶಾಸ್ತ್ರ ನನ್ನ ವ್ಯಾಸಂಗವಲ್ಲ. ಆದರೆ ಈ ಲೆಕ್ಕದ ಗೆರೆಯೊಂದು ನಮ್ಮ ಮಧುಗಿರಿ ಸೀಮೆಯ ಅಡುಗೆಮನೆಯ ನಟ್ಟನಡುವೆ ಹಾದುಹೋಗಿರುವುದರಿಂದ ಎರಡು ಮಾತು ಬರೆಯುವುದು ಅನುಚಿತವಾಗಲಾರದು.

ವಿಶ್ವಸಂಸ್ಥೆಯು 2008ರಲ್ಲಿ ರೂಪಿಸಿದ ರಾಷ್ಟ್ರೀಯ ಲೆಕ್ಕಪದ್ಧತಿಯಂತೆ, ರೈತನು ಮಾರದೆ ಮನೆಯ ಊಟಕ್ಕೆ ಇರಿಸಿಕೊಂಡ ರಾಗಿಯೂ ಉತ್ಪನ್ನವೇ. ತೆನೆ ಬಡಿದು ಕಾಳು ಮಾಡುವುದೂ, ಆ ಕಾಳನ್ನು ಮನೆಯಲ್ಲಿಯೇ ಬೀಸಿ ಹಿಟ್ಟು ಮಾಡುವುದೂ ಉತ್ಪಾದನೆಯ ಎಲ್ಲೆಯೊಳಗೆ ಬರುತ್ತವೆ. ಸೌದೆ ಆಯುವುದು, ನೀರು ಹೊತ್ತು ತರುವುದು ಸಹ ಒಳಗೇ. (ನಿಯಮ ಹಾಗಿದ್ದರೂ ಎಣಿಸುವವರ ಕೈಗೆ ಇವೆಲ್ಲ ಪೂರ್ತಿ ಸಿಕ್ಕುವುದು ಅಪರೂಪ, ಆ ಮಾತು ಬೇರೆ.) ಆದರೆ ಆ ಸೌದೆಯಿಂದ ಒಲೆ ಹೊತ್ತಿಸಿ, ಆ ನೀರನ್ನು ಕುದಿಸಿ, ಆ ಹಿಟ್ಟನ್ನು ಸುರಿದು, ಕೋಲಿನಿಂದ ತೊಳಸಿ ಮುದ್ದೆ ಕಟ್ಟತೊಡಗಿದೊಡನೆ ಗೃಹಿಣಿಯು ಎಲ್ಲೆಯಿಂದ ಹೊರಬಿದ್ದಳು! ನಮ್ಮ ಕಡೆಯ ಹಳ್ಳಿಗರು ಮುದ್ದೆಯನ್ನೇ ಹಿಟ್ಟೆಂದು ಕರೆಯುತ್ತಾರೆ. ನುಡಿಯು ಮಾಡದ ಭೇದವನ್ನು ಲೆಕ್ಕವು ಮಾಡಿದೆ.

ಅದೇ ಮುದ್ದೆಯನ್ನು ಶಿರಾದ ಹೆದ್ದಾರಿಯ ಹೋಟೆಲಿನಲ್ಲಿ ದುಡ್ಡು ಕೊಟ್ಟು ಉಂಡರೆ ದೇಶದ ಉತ್ಪನ್ನ ಹೆಚ್ಚುತ್ತದೆ. ಕೊರಟಗೆರೆಯ ಹಳ್ಳಿಯ ಹೆಂಗಸು ಜಗಲಿಯ ಮೇಲೆ ಕುಳಿತು ವರ್ತಕನ ಹುಣಸೆಹಣ್ಣಿನ ಬೀಜ ಬಿಡಿಸಿ ಕೂಲಿ ಪಡೆದರೆ ಅದು ದುಡಿಮೆ. ಎದ್ದು ಒಳಗೆ ಹೋಗಿ ಅದೇ ಹುಣಸೆಯಿಂದ ಸಾರು ಮಾಡಿದರೆ, ಅತ್ತೆಗೆ ಔಷಧ ಕುಡಿಸಿದರೆ, ಮಗುವನ್ನು ಮೀಯಿಸಿದರೆ ಅದು ಏನೂ ಅಲ್ಲ.

ಇದಕ್ಕೆ ಅರ್ಥಶಾಸ್ತ್ರಜ್ಞರು ಕೊಡುವ ಸಮಾಧಾನವುಂಟು. ಮನೆಗೆಲಸಕ್ಕೆ ಪೇಟೆಯ ಬೆಲೆಯಿಲ್ಲ. ಅಂದಾಜಿನ ಬೆಲೆ ಕಟ್ಟಿ ಸೇರಿಸಿದರೆ ಪೇಟೆಯ ಏರಿಳಿತಗಳು ಆ ದೊಡ್ಡ ಮೊತ್ತದಲ್ಲಿ ಮುಳುಗಿಹೋಗುತ್ತವೆ. ನಿರುದ್ಯೋಗವೆಂಬ ಮಾತಿಗೇ ಅರ್ಥವಿರದು. ಈ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಸ್ವಂತ ಮನೆಯಲ್ಲಿ ವಾಸಿಸುವವನು ತನಗೆ ತಾನೇ ಬಾಡಿಗೆ ಕೊಟ್ಟುಕೊಂಡನೆಂದು ಭಾವಿಸಿ, ಯಾರೂ ಕೊಡದ ಆ ಬಾಡಿಗೆಯನ್ನು ಇದೇ ಪಂಡಿತರು ದೇಶದ ಉತ್ಪನ್ನಕ್ಕೆ ಸೇರಿಸುತ್ತಾರಲ್ಲ! ಗೋಡೆಗೆ ಸಲ್ಲುವ ಕಲ್ಪನೆಯು ಆ ಗೋಡೆಯೊಳಗೆ ದುಡಿಯುವವಳಿಗೆ ಸಲ್ಲದೆಂಬುದು ನನಗೆ ಒಪ್ಪಿಗೆಯಿಲ್ಲ. 1934ರಲ್ಲಿ ಅಮೆರಿಕದ ಸೆನೆಟ್ಟಿಗೆ ರಾಷ್ಟ್ರೀಯ ಆದಾಯದ ವರದಿಯನ್ನೊಪ್ಪಿಸಿದ ಸೈಮನ್ ಕುಜ್ನೆಟ್ಸ್ ಅವರು ಗೃಹಿಣಿಯರ ಸೇವೆ ಹೊರಗುಳಿದುದನ್ನು ಅಲ್ಲಿಯೇ ಬರೆದರು. ಈ ಮೊತ್ತದಿಂದ ಜನರ ಕ್ಷೇಮವನ್ನು ಊಹಿಸುವುದು ಸಾಧ್ಯವಾಗದೆಂದೂ ಎಚ್ಚರಿಸಿದರು. ಎಚ್ಚರಿಕೆ ಮರೆತುಹೋಯಿತು, ಮೊತ್ತ ಉಳಿಯಿತು.

ಹೊರಗುಳಿದ ದುಡಿಮೆ ಅಲ್ಪವಲ್ಲ. ಭಾರತದಲ್ಲಿ 2019ರಲ್ಲಿ ನಡೆದ ಸಮಯ ಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರು 97 ನಿಮಿಷ. ಅದರಲ್ಲಿ ತೊಡಗಿದ ಹೆಂಗಸರು ನೂರಕ್ಕೆ 81.2 ಮಂದಿ, ಗಂಡಸರು 26.1.

ಇನ್ನು ಪಾವಗಡದ ಸಂಗತಿ. ಅಲ್ಲಿಯ ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆ ನೆಲದಲ್ಲಿ, 2018ರಲ್ಲಿ ಉದ್ಘಾಟನೆಯಾದ ಸೌರ ಉದ್ಯಾನವು 2,000 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ವಿದ್ಯುತ್ತು ಹುಟ್ಟುವುದು ಇಲ್ಲಿಯಾದ್ದರಿಂದ ಅದರ ಮೌಲ್ಯವು ಈ ಜಿಲ್ಲೆಯ ಉತ್ಪನ್ನವೆನಿಸುತ್ತದೆ. ಲಾಭವು ಕಂಪನಿಯ ಒಡೆಯರು ಇದ್ದಲ್ಲಿಗೆ ಹೋಗುತ್ತದೆ. ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗೇಣಿ ಗೊತ್ತಾಯಿತು. ಮಳೆ ಕೈಕೊಡುವ ಸೀಮೆಯಲ್ಲಿ ಅದು ಹಗುರವಾದ ಮಾತಲ್ಲ. ಆದರೆ ಆ ಹೊಲಗಳಲ್ಲಿ ಕಡಲೆಕಾಯಿಯ ಕಳೆ ಕಿತ್ತು ಕೂಲಿ ಪಡೆಯುತ್ತಿದ್ದ, ನೆಲವಿಲ್ಲದ ಹೆಂಗಸಿಗೆ ಗೇಣಿಯೂ ಇಲ್ಲ, ಕಳೆಯೂ ಇಲ್ಲ. ಎಣಿಕೆಗೆ ಬರುತ್ತಿದ್ದ ಅವಳ ಅರ್ಧ ದುಡಿಮೆ ಹೋಯಿತು. ಎಣಿಕೆಗೆ ಬಾರದ ಇನ್ನರ್ಧ ಹಾಗೆಯೇ ಉಳಿಯಿತು. ತಲಾ ಆದಾಯದ ಅಂಕಿ ಏರಿದಾಗ ಅವಳ ತಲೆಯೂ ಅದರಲ್ಲಿ ಒಂದು!

ಹಳೆಯ ಲೆಕ್ಕವನ್ನು ಕೆಡಿಸಬೇಕೆಂದು ನಾನು ಹೇಳುತ್ತಿಲ್ಲ. ಅದರ ಪಕ್ಕದಲ್ಲಿ ಮನೆಗೆಲಸದ ಲೆಕ್ಕವನ್ನೂ ಅಚ್ಚು ಹಾಕಿರೆಂದು ಕೇಳುತ್ತೇನೆ. ಮೆಕ್ಸಿಕೋ ದೇಶದ ಅಂಕಿಅಂಶಗಳ ಸಂಸ್ಥೆಯು ಪ್ರತಿವರ್ಷವೂ ಹೀಗೆ ಮಾಡುತ್ತಿದೆ. ಅಲ್ಲಿ ಈ ದುಡಿಮೆಯ ಮೌಲ್ಯ ದೇಶೀಯ ಉತ್ಪನ್ನದ ಸುಮಾರು ಕಾಲುಭಾಗದಷ್ಟಾಗುತ್ತದೆ. ನಮ್ಮ ನಿರ್ದೇಶನಾಲಯವೂ ಈ ನಾಲ್ಕು ತಾಲ್ಲೂಕುಗಳಲ್ಲಿ ಹೊತ್ತಿನ ಸಮೀಕ್ಷೆಯೊಂದನ್ನು ನಡೆಸಬಹುದು. ಪಾವಗಡದಿಂದಲೇ ತೊಡಗಲಿ. ಅಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಶುದ್ಧನೀರಿನ ಘಟಕದಲ್ಲಿ ಕೊಟ್ಟ ನಾಣ್ಯ ಈಗಾಗಲೇ ಲೆಕ್ಕಕ್ಕೆ ಸೇರುತ್ತದೆ. ಬಿಂದಿಗೆ ಹಿಡಿದು ಹೋಗಿ, ಸಾಲಿನಲ್ಲಿ ನಿಂತು, ಹೊತ್ತು ಬರುವುದಕ್ಕೆ ಎಷ್ಟು ನಿಮಿಷ ಹಿಡಿಯಿತೆಂಬುದನ್ನು ಮೊದಲ ಕಾಲಮಿನಲ್ಲಿ ಬರೆದುಕೊಳ್ಳಬಹುದು.