ಕಾಲೇಜ್ ಡೈರಿ, ಭಾಗ 4: ಗೂಗಲ್ ಫಾರ್ಮ್ ಬಿಡಿ, ಮೀನು ಪೇಟೆಗೆ ಬನ್ನಿ

ಮೊದಲ ಫೋಟೊದಲ್ಲಿ ಇರೋದು ನನ್ನ ನೋಟ್‌ಬುಕ್. ಮೂಲೆಯಲ್ಲಿ ಕಾಣೋ ಕಲೆ ಬಂಗಡೆ ನೀರಿಂದು, ವಾಸನೆ ಇನ್ನೂ ಹೋಗಿಲ್ಲ. ಈ ವರ್ಷ ಪಿಯುಸಿ ಮುಗಿಸಿ ಡಿಗ್ರಿಗೆ ಬಂದ ತಮ್ಮ-ತಂಗಿಯರು ಸುಮಾರು ಜನ ಡಿಎಂ ಮಾಡಿದ್ದೀರಿ, "ಅಕ್ಕಾ, ನಿನ್ನ ಪ್ರಾಜೆಕ್ಟ್ ಪಿಡಿಎಫ್ ಕಳಿಸು" ಅಂತ. ಕಳಿಸೋದಿಲ್ಲ. ಯಾಕೆ ಅಂತ ಹೇಳ್ತೇನೆ, ಸ್ವಲ್ಪ ನಾಚಿಕೆಯ ಕಥೆ.

ಎರಡನೇ ಸೆಮಿಸ್ಟರ್‌ನಲ್ಲಿ ನಮ್ಮ ಗುಂಪಿಗೆ ಬಂದ ವಿಷಯ "ಮೀನು ಮಾರುವ ಮಹಿಳೆಯರ ಆರ್ಥಿಕ ಸ್ಥಿತಿಗತಿ". 50 ಜನರ ಉತ್ತರ ಬೇಕಿತ್ತು. ನಾವು ಗೂಗಲ್ ಫಾರ್ಮ್ ಮಾಡಿ ಕ್ಲಾಸ್ ಗ್ರೂಪಿಗೆ ಹಾಕಿದೆವು. ಕ್ಲಾಸ್ ಗ್ರೂಪಿನಲ್ಲಿ ಮೀನು ಮಾರೋರು ಯಾರಿದ್ದಾರೆ ಅಂತ ಕೇಳಬೇಡಿ. ಫ್ರೆಂಡ್ಸ್ ತುಂಬಿದ್ದು 32. ಉಳಿದ 18 ನಾನೇ ಒಂದು ರಾತ್ರಿ ಕೂತು ತುಂಬಿದೆ. ತಿಂಗಳ ಆದಾಯ, ಸಾಲ, ಮಕ್ಕಳೆಷ್ಟು, ಎಲ್ಲಾ ನನ್ನ ತಲೆಯಿಂದಲೇ. ಪೈ ಚಾರ್ಟ್ ಚೆಂದ ಬಂತು, ಮಾರ್ಕ್ಸೂ ಬಂತು.

ನಮ್ಮ ಓಣಿಗೆ ಬುಟ್ಟಿ ಹೊತ್ತು ಬರೋ ಮಾವಶಿ ಒಬ್ಬರಿದ್ದಾರೆ. ಅಮ್ಮ ಖುಷಿಯಲ್ಲಿ ಅವರಿಗೆ ಹೇಳಿಬಿಟ್ಟಳು, "ನಿಮ್ಮ ಮೇಲೆ ನಮ್ಮ ಮಗಳು ಪುಸ್ತಕ ಬರ್ದಿದ್ದಾಳೆ" ಅಂತ. ಮಾವಶಿ ನನ್ನ ಮುಖ ನೋಡಿದರು. "ಹೌದಾ? ನನ್ ಹತ್ರ ಎಂತದೂ ಕೇಳ್ಲೇ ಇಲ್ವಲ್ಲ ತಂಗಿ?" ಬೈದಿದ್ದಲ್ಲ, ನಿಜವಾಗಿ ಕೇಳಿದ್ದು. ಅದಕ್ಕೇ ಜಾಸ್ತಿ ನೋವಾಯ್ತು.

ಮುಂದಿನ ಭಾನುವಾರ ಅವರ ಜೊತೆಗೇ ಕಾರವಾರ ಮೀನು ಮಾರುಕಟ್ಟೆಗೆ ಹೋದೆ, ಅದೇ ಪ್ರಶ್ನೆಪತ್ರಿಕೆ ಪ್ರಿಂಟ್ ಹಾಕಿಸಿಕೊಂಡು. ಮೊದಲ ಪ್ರಶ್ನೆಗೇ ಅದು ಸತ್ತಿತು. "ಒಂದು ಕೆಜಿ ಬಂಗಡೆ ಎಷ್ಟಕ್ಕೆ ಮಾರ್ತೀರಿ?" ಪಕ್ಕದಲ್ಲಿ ಕೂತವರು ನಕ್ಕುಬಿಟ್ಟರು. "ತೂಗಿ ಮಾರುಕೆ ಇದೆಂತ ಟೊಮೆಟೊನಾ?" ಅಲ್ಲಿ ಲೆಕ್ಕ ನೂರು ರೂಪಾಯಿಗೆ ಎಷ್ಟು ಮೀನು ಅಂತ. ಬೆಳಿಗ್ಗೆ ನೂರಕ್ಕೆ ಎಂಟು ಕೊಟ್ಟವರು ಮಧ್ಯಾಹ್ನ ಹನ್ನೆರಡು ಕೊಡ್ತಾರೆ. ನೂರು ಹಾಗೇ ಇರ್ತದೆ, ಮೀನಿನ ಸಂಖ್ಯೆ ಬದಲಾಗ್ತದೆ. ದರ ಅಂದ್ರೆ ರೂಪಾಯಿ ಏರಿಳಿಯೋದು ಅಂತಲೇ ಓದಿಕೊಂಡಿದ್ದ ನನಗೆ ಇದು ತಲೆಗೆ ಹತ್ತಲಿಕ್ಕೆ ಅರ್ಧ ಗಂಟೆ ಬೇಕಾಯ್ತು.

"ತಿಂಗಳ ಆದಾಯ" ಅನ್ನೋದೂ ಹಾಗೇ. ಅವರಲ್ಲಿ ತಿಂಗಳು ಅನ್ನೋದೇ ಇಲ್ಲ. ಬೈತಖೋಲ ಬಂದರಿನಲ್ಲಿ ಹರಾಜಾದ ಮೀನಿಗೆ ದುಡ್ಡು, ಐಸ್, ರಿಕ್ಷಾ ಬಾಡಿಗೆ, ಇದೆಲ್ಲ ಕಳೆದು ಸಂಜೆ ಕೈಯಲ್ಲಿ ಉಳಿದದ್ದೇ ಲಾಭ. ಅದರಲ್ಲೇ ನಾಳೆಯ ಬಂಡವಾಳ. ಉಳಿದ ಮೀನು ಉಪ್ಪು ಹಚ್ಚಿ ಒಣಗಿಸಿದರೆ ಅದು ಮಳೆಗಾಲದ ಸರಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯೋ ಹಾಗಿಲ್ಲ. ಆಗ ಒಣಮೀನಿಗೇ ಬೆಲೆ. ವರ್ಕಿಂಗ್ ಕ್ಯಾಪಿಟಲ್, ಕ್ಲೋಸಿಂಗ್ ಸ್ಟಾಕ್ ಅಂತ ಬಾಯಿಪಾಠ ಮಾಡಿದ್ದು ನನಗೆ ಅರ್ಥವಾದದ್ದು ಆ ಒದ್ದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಾಗ. ಆಮೇಲೆ ಲೈಬ್ರರಿಗೆ ಹೋಗಿ ಅದೇ ಅಧ್ಯಾಯ ಮತ್ತೆ ಓದಿದೆ, ಈ ಸಲ ನಿದ್ದೆ ಬರಲಿಲ್ಲ!

ಇನ್ನೊಂದು ತಪ್ಪು ಮಾವಶಿಯೇ ತೋರಿಸಿದ್ದು. ನಾನು ಮಾರುಕಟ್ಟೆ ಒಳಗೆ ಕೂತವರನ್ನಷ್ಟೇ ಮಾತಾಡಿಸ್ತಾ ಇದ್ದೆ. ಅವರು ಅಂದರು, "ಹೊತ್ಕೊಂಡು ತಿರಗೋರನ್ನ ಎಲ್ಲಿ ಹುಡುಕ್ತೆ?" ಮನೆ ಮನೆಗೆ ಹೋಗೋರು ನನ್ನ ಲೆಕ್ಕದಲ್ಲೇ ಇರಲಿಲ್ಲ. ಸ್ಯಾಂಪಲಿಂಗ್ ಅಂದ್ರೆ ಇದೇ ಕಣ್ರೋ. ಯಾರು ಸಿಕ್ಕರು ಅಂತ ಬರೆದುಕೊಳ್ಳೋ ಹಾಗೆಯೇ ಯಾರು ಸಿಗಲಿಲ್ಲ ಅಂತಲೂ ಬರೆದುಕೊಳ್ಳಬೇಕು.

ಎಂ.ಎನ್. ಶ್ರೀನಿವಾಸ್ ಹೆಸರು ಕೇಳಿರ್ತೀರಿ. ಮೈಸೂರಿನವರು, ದೊಡ್ಡ ಸಮಾಜಶಾಸ್ತ್ರಜ್ಞರು. 1948ರಲ್ಲಿ ಮೈಸೂರು ಹತ್ತಿರದ ಹಳ್ಳಿಯೊಂದರಲ್ಲಿ ಹೋಗಿ ಉಳಿದರು, ಪುಸ್ತಕದಲ್ಲಿ ಅದಕ್ಕೆ ರಾಮಪುರ ಅಂತ ಹೆಸರಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕಚೇರಿಗೆ ಬೆಂಕಿ ಬಿದ್ದು, ವರ್ಷಗಟ್ಟಲೆ ವಿಂಗಡಿಸಿಟ್ಟ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಅವರು ನೆನಪನ್ನೇ ನೆಚ್ಚಿಕೊಂಡು ಬರೆದರು. "ದಿ ರಿಮೆಂಬರ್ಡ್ ವಿಲೇಜ್" 1976ರಲ್ಲಿ ಬಂತು. ಇದನ್ನು ಓದಿದಾಗ ನನಗೆ ನನ್ನ 18 ಫಾರ್ಮ್ ನೆನಪಾದವು. ಅವು ಸುಟ್ಟುಹೋದರೆ ನನಗೆ ನೆನಪಿಗೆ ಬರಲಿಕ್ಕೆ ಒಂದು ಮುಖವೂ ಇಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ಫೀಲ್ಡ್‌ವರ್ಕ್ ಕೊನೆಯ ಸೆಮಿಸ್ಟರ್‌ಗೆ ಎತ್ತಿಡಬಾರದು, ಮೊದಲ ಸೆಮಿಸ್ಟರ್‌ನಲ್ಲೇ ಬೇಕು. ಕೊನೆಗೆ ಬಂದಾಗ ಎಲ್ಲರಿಗೂ ಅರ್ಜೆಂಟು, ಜೆರಾಕ್ಸ್ ಅಂಗಡಿಯಲ್ಲಿ ಹಳೇ ಪ್ರಾಜೆಕ್ಟ್ ರೆಡಿ ಇರ್ತದೆ, ಹೆಸರು ಬದಲಿಸಿದರೆ ಮುಗೀತು. "ಫಸ್ಟ್ ಇಯರ್ ಮಕ್ಕಳಿಗೆ ಏನು ಗೊತ್ತಾಗ್ತದೆ" ಅನ್ನೋ ಮಾತು ನನಗೆ ಒಪ್ಪಿಗೆ ಇಲ್ಲ. ಏನೂ ಗೊತ್ತಿಲ್ಲದವರೇ ಒಳ್ಳೆ ಪ್ರಶ್ನೆ ಕೇಳ್ತಾರೆ. 50 ಜನ ಬೇಡ, ಐದು ಜನ ಸಾಕು, ಆದರೆ ಒಬ್ಬೊಬ್ಬರ ಹತ್ತಿರ ಎರಡು ಸಲ ಹೋಗಬೇಕು. ಬಸ್ ಟೈಮಿಂಗ್ ಸಿಗೋದಿಲ್ಲ, ಮನೇಲಿ ಬಿಡೋದಿಲ್ಲ ಅನ್ನೋರ ಕಷ್ಟ ನಿಜ, ಅದು ನಂದೂ ಹೌದು. ಅದಕ್ಕೇ ನಿಮ್ಮ ಊರಿನ ಪೇಟೆಯಿಂದಲೇ ಶುರು ಮಾಡಿ. ಅಂಕೋಲೆಯವರಿಗೆ ಒಂದು ವಿಷಯ ಪುಕ್ಕಟೆ ಕೊಡ್ತೇನೆ: ಕರಿ ಈಶಾಡ ಮಾವಿಗೆ 2023ರಲ್ಲಿ ಜಿಐ ಟ್ಯಾಗ್ ಬಂತು. ರಸ್ತೆ ಬದಿ ಬುಟ್ಟಿ ಇಟ್ಟು ಹಣ್ಣು ಮಾರೋರಿಗೆ ಅದರಿಂದ ಒಂದು ರೂಪಾಯಿಯಾದರೂ ಜಾಸ್ತಿ ಸಿಕ್ಕಿದೆಯಾ? ಉತ್ತರ ಗೂಗಲ್‌ನಲ್ಲಿ ಹುಡುಕಬೇಡಿ. ಹಾಲಕ್ಕಿ ಅಜ್ಜಿಯರು ಕಂಡರೆ ಕೇಳದೆ ಫೋಟೊ ಮಾತ್ರ ಹೊಡೀಬೇಡಿ, ಅವರ ಮಣಿಸರ ತೆಗೆದುಕೊಂಡು ಹೋದ ಕ್ಯಾಮೆರಾಗಳು ಈಗಾಗಲೇ ಬೇಕಾದಷ್ಟಿವೆ.

ನಾನು ಪ್ರಾಜೆಕ್ಟ್ ಮತ್ತೆ ಬರೆದೆ, ಮಾರ್ಕ್ಸಿಗಲ್ಲ. 11 ಜನ ಇದ್ದಾರೆ, ಪೈ ಚಾರ್ಟ್ ಇಲ್ಲ. ಕೊನೆಯ ಫೋಟೊದಲ್ಲಿ ಅದರ ಮೊದಲ ಪುಟ ಇದೆ. ಹೆಸರುಗಳನ್ನು ಮುಚ್ಚಿದ್ದೇನೆ, ಅವರು ಹಾಗೆ ಹೇಳಿದ್ದಕ್ಕೆ.

ಈ ಭಾನುವಾರ ಬೆಳಿಗ್ಗೆ 7ಕ್ಕೆ ಮೀನು ಮಾರುಕಟ್ಟೆ ಎದುರು ಇರ್ತೇನೆ. ಬರೋರು ಪೆನ್ನು, ನೋಟ್‌ಬುಕ್ ತನ್ನಿ. ಒಂದು ಚೀಲವೂ ಇರಲಿ, ಮೀನು ಕೊಳ್ಳದೆ ಬರೀ ಪ್ರಶ್ನೆ ಕೇಳ್ತಾ ನಿಂತರೆ ಮಾವಶಿ ನನ್ನನ್ನೇ ಬೈತಾರೆ.

#ಕಾಲೇಜ್‌ಡೈರಿ #ಕಾರವಾರ #ಅಂಕೋಲಾ